ಬಾಲ್ಕನಿಗೆ ಕಾಣುವ ಕೆರೆ

ತೃಪ್ತಿ ಚಪ್ಪಲಿ ಕೂಡ ಬಿಚ್ಚದೆ ನೀರಿಗಿಳಿದಳು. ಜೆಸಿಬಿ ಆಗಲೇ ಮತ್ತೊಂದು ತೆಕ್ಕೆ ಜೊಂಡನ್ನು ಬೇರುಸಮೇತ ಕಿತ್ತು ಮೇಲೆತ್ತಿತ್ತು. ದಡದಲ್ಲಿ ರಾಶಿ ಬಿದ್ದ ಹಸಿರಿನ ನಡುವೆ ಗೂಡೊಂದು ಮಗುಚಿಕೊಂಡಿತ್ತು. ಪಕ್ಕದಲ್ಲೇ ಒಡೆದ ಮೊಟ್ಟೆಗಳು. ನೇರಳೆ ಜಂಬುಕೋಳಿಯೊಂದು ಕೆಸರಿನ ಅಂಚಿನಲ್ಲಿ ಅತ್ತಿಂದಿತ್ತ ಓಡುತ್ತ ಕೂಗುತ್ತಿತ್ತು.

"ತಳ್ಳಿ ನಿಲ್ಲುಂಗ ಮೇಡಂ," ಎಂದು ಚಾಲಕ ಮೇಲಿನಿಂದ ಪಕ್ಕಕ್ಕೆ ಸರಿಯಲು ಹೇಳಿದ.

ಅವಳು ಅಲುಗಲಿಲ್ಲ. ನೀರು ಮೊಣಕಾಲು ಮುಟ್ಟುತ್ತಿತ್ತು. ಯಾರು ಹೇಳಿದ್ದೆಂದು ತಮಿಳಿನಲ್ಲಿ ಕೇಳಿದಳು. ಆಫೀಸಿನಿಂದಲೇ ಫೋನ್ ಬಂತು, ಭಾನುವಾರದೊಳಗೆ ಬಾಲ್ಕನಿಯಿಂದ ನೀರು ಕಾಣಬೇಕಂತೆ ಎಂದ ಅವನು. ಅವಳ ಮುಖ ನೋಡಿ ಎಂಜಿನ್ ಆರಿಸಿದ.

ತೃಪ್ತಿ ಈ ಕೆರೆಗೆ ಮೊದಲು ಬಂದಾಗ ಪೆರುಂಗುಡಿಯ ಜನ ಅದನ್ನು ಕೆರೆಯೆಂದು ಕರೆಯುವುದನ್ನೇ ಬಿಟ್ಟಿದ್ದರು. ಒಡೆದ ಇಟ್ಟಿಗೆ, ಥರ್ಮೋಕೋಲು, ಅದರ ಮೇಲೆ ದಟ್ಟ ಅಂತರಗಂಗೆ. ಪಕ್ಕದ ತಗ್ಗಿನಲ್ಲಿ ಬಿಲ್ಡರ್ ಫ್ಲಾಟು ಕಟ್ಟಲು ಹೊರಟಾಗ, ನಿಮ್ಮ ಖರ್ಚಿನಲ್ಲಿ ಈ ಕೆರೆಯನ್ನು ಬದುಕಿಸಿಕೊಡಿ ಎಂದು ಸರ್ಕಾರ ಷರತ್ತು ಹಾಕಿತ್ತು. ಆ ಕೆಲಸಕ್ಕೆಂದು ಕಂಪನಿ ಸೇರಿಸಿಕೊಂಡದ್ದು ಜೀವಶಾಸ್ತ್ರ ಓದಿದ್ದ ತೃಪ್ತಿಯನ್ನು. ಬಿಲ್ಡರನ ಉಪ್ಪು ತಿನ್ನಲು ಹೊರಟೆಯಾ ಎಂದು ಗೆಳತಿಯರು ಹಂಗಿಸಿದ್ದರು. ದುಡ್ಡು ಯಾರದ್ದೆಂದು ಕೆರೆ ಕೇಳುವುದಿಲ್ಲ ಎಂದು ಅವಳು ಜಗಳವಾಡಿದ್ದಳು. ಹೂಳು ತೆಗೆಸಿದಳು, ಜೊಂಡು ನೆಡಿಸಿದಳು, ಎರಡು ಬೇಸಿಗೆ ಕಾದಳು. ಹಕ್ಕಿಗಳು ತಾವಾಗಿಯೇ ಬಂದವು. ಅವು ಬಂದ ದಿನ ಅವಳು ಆ ಗೆಳತಿಯರಿಗೆಲ್ಲ ಫೋಟೋ ಕಳಿಸಿದ್ದಳು.

ಮಧ್ವರಾಜರ ಕಾರು ದಡದ ತನಕ ಬಂತು. ಕಂಪನಿಯ ಹಿರಿಯ ಮ್ಯಾನೇಜರ್ ಅವರು. ತೃಪ್ತಿಯ ಅಪ್ಪನ ಜೊತೆ ಓದಿದವರು, ಅವಳಿಗೆ ಈ ಕೆಲಸ ಕೊಡಿಸಿದವರು.

"ಏನಮ್ಮಾ ಇದು, ಸುಮ್ಮಾ ಸೀನ್ ಮಾಡ್ತಿದೀಯ. ಮೇಲೆ ಬಾ ಮೊದಲು."

"ಮೊಟ್ಟೆ ಇದೆ ಸಾರ್ ಅದರೊಳಗೆ. ಇನ್ನೊಂದು ತಿಂಗಳು ಬಿಡಿ ಅಂತ ಮೀಟಿಂಗಲ್ಲಿ ನಾನು ಹೇಳಿರಲಿಲ್ವಾ?"

"ನೀನು ಹೇಳಿದ್ದೆ, ಇಲ್ಲ ಅಂದವರು ಯಾರು? ಆದರೆ ಭಾನುವಾರ ಸರ್ಕಾರದ ಆಫೀಸರ್ ಬರ್ತಾರೆ. ಅವರು ಸರಿ ಅಂದ್ರೇನೇ ಎರಡನೇ ಟವರಿಗೆ ಪರ್ಮಿಷನ್. ಅವತ್ತೇ ಹೊಸ ಬಯ್ಯರ್ಸೂ ಬರ್ತಾರೆ. ಲೇಕ್ ವ್ಯೂ ಅಂತ ಹೇಳಿ ಹುಲ್ಲು ತೋರಿಸಕ್ಕಾಗುತ್ತಾ?"

"ಆ ಹುಲ್ಲೇ ಕೆರೆ ಸಾರ್."

"ನನಗೆ ಪಾಠ ಬೇಡ. ಇಲ್ಲಿರೋರೇ ಕಂಪ್ಲೇಂಟ್ ಕೊಟ್ಟಿದಾರೆ, ಸೊಳ್ಳೆ ಅಂತ. ಅಸೋಸಿಯೇಷನ್ ಸೆಕ್ರೆಟರಿಯಮ್ಮನೇ ಕೊಟ್ಟಿದ್ದು. ಅವರ ದುಡ್ಡು, ಅವರ ಕೆರೆ. ನಾಳೆ ಮತ್ತೆ ನೆಡು, ಯಾರು ಬೇಡ ಅಂದ್ರು? ನಿನ್ನಪ್ಪನ ಮುಖ ನೋಡಿ ಇಷ್ಟು ಮಾತಾಡ್ತಿದೀನಿ."

ತೃಪ್ತಿಯ ಕಿವಿ ಬಿಸಿಯಾಯಿತು. ಸೆಕ್ರೆಟರಿಯೆಂದರೆ ಚಂದ್ರಮತಿ. ಗೇಟಿನೆದುರಿನ ಹೋಟೆಲು ಅವಳದು ಮತ್ತು ಗಂಡ ಐತಪ್ಪನದು, ಮಂಗಳೂರಿನ ಕಡೆಯವರು. ಫ್ಲಾಟಿನ ಮೊದಲ ಮಹಡಿಯಲ್ಲಿ ಮನೆ. ಹಕ್ಕಿ ಬಂದಾಗ ಮಕ್ಕಳನ್ನೆಲ್ಲ ಸೇರಿಸಿ ತೋರಿಸಿದವಳು ಅವಳೇ. ಜೆಸಿಬಿ ಚಾಲಕನಿಗೆ ಇಳಿಯಲು ಹೇಳಿ, ತೃಪ್ತಿ ಕೆಸರು ತೊಟ್ಟಿಕ್ಕುವ ಸಲ್ವಾರಿನಲ್ಲೇ ರಸ್ತೆ ದಾಟಿದಳು.

ಚಂದ್ರಮತಿ ಗಲ್ಲಾಪೆಟ್ಟಿಗೆಯ ಹಿಂದೆ ಬಾಳೆಎಲೆ ಒರೆಸುತ್ತಿದ್ದಳು.

"ನೀವೂ ಹೀಗೆ ಮಾಡ್ತೀರ ಅಂತ ಅಂದ್ಕೊಂಡಿರಲಿಲ್ಲ ಅಕ್ಕಾ," ಎಂದಳು ತೃಪ್ತಿ. ಊಟಕ್ಕೆ ಕೂತವರು ತಿರುಗಿ ನೋಡಿದರು. "ಸೊಳ್ಳೆಗೋಸ್ಕರ ಗೂಡು ಕೀಳಿಸೋದಾ?"

"ಎಂತ ಗೂಡು? ಯಾರು ಕೀಳಿಸಿದ್ದು?" ಚಂದ್ರಮತಿ ಬಟ್ಟೆ ಕೆಳಗಿಟ್ಟಳು. ತೃಪ್ತಿ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಅವಳ ದನಿಯೇ ಬೇರೆಯಾಯಿತು. "ಸೊಳ್ಳೆ ಅಂತ ಹೇಳಿದ್ದು ಹೌದು. ಜೊಂಡು ಕೀಳಿ ಅಂತ ಹೇಳ್ಲಿಲ್ಲ ಮಾರಾಯ್ತಿ. ಪಂಪಿನ ರೂಮಿನ ಹಿಂದೆ ಒಂದು ಪೈಪು ಉಂಟಲ್ಲ, ಅದನ್ನು ಬಂದ್ ಮಾಡಿ ಅಂತ ಹೇಳಿದ್ದು. ಅದರಲ್ಲಿ ನಮ್ಮ ಕಕ್ಕಸಿನ ನೀರೇ ಬರುದು."

"ಅದು ಮಳೆನೀರಿನ ಪೈಪು ಅಂದಿದ್ರು."

"ಮಳೆ ಎಲ್ಲಿ ಉಂಟು ಈಗ? ಹೋಟ್ಲು ನಡೆಸುವವಳಿಗೆ ಮೋರಿಯ ವಾಸನೆ ಹೇಳಿಕೊಡ್ಬೇಕಾ? ಬಾ ನನ್ನೊಟ್ಟಿಗೆ."

ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ಐತಪ್ಪನ ಕೈಗೆ ತುರುಕಿ ಅವಳು ಹೊರಟಳು. ಪಂಪಿನ ಕೋಣೆಯ ಹಿಂದೆ ಬೇಲಿಯ ಬಳ್ಳಿಗಳನ್ನು ಸರಿಸಿದಾಗ ಕಂಡಿತು: ಕಪ್ಪು ನೊರೆ, ಅದರ ತುಂಬ ಸೊಳ್ಳೆಯ ಮರಿಗಳು. ನೊರೆ ಹರಿದು ಹೋಗುತ್ತಿದ್ದುದು ತೃಪ್ತಿ ನೆಡಿಸಿದ ಜೊಂಡಿನ ಬುಡಕ್ಕೇ. ಕಟ್ಟಡದೊಳಗೆ ಕೊಳಚೆ ಶುದ್ಧ ಮಾಡಲೆಂದು ಕೂರಿಸಿದ್ದ ಯಂತ್ರ ಕೆಟ್ಟು ನಿಂತಿತ್ತು. ರಿಪೇರಿಗೆ ಬದಲು ಕಂಪನಿಯವರು ಪೈಪನ್ನು ಕೆರೆಗೆ ತಿರುಗಿಸಿದ್ದರು. ಕಟ್ಟಡದ ಹೇಲನ್ನು ಇಷ್ಟು ದಿನ ಸೋಸುತ್ತಿದ್ದುದು ಅವಳ ಹುಲ್ಲು. ಈಗ ಅದನ್ನೂ ಕೀಳಿಸುತ್ತಿದ್ದರು, ನೋಟ ಚೆನ್ನಾಗಿರಲೆಂದು.

ಮಧ್ವರಾಜರು ಹಿಂದೆಯೇ ಬಂದು ನಿಂತಿದ್ದರು.

"ಟೆಂಪರರಿ ಅರೇಂಜ್‌ಮೆಂಟ್ ಅಮ್ಮಾ ಅದು," ಎಂದರು ಚಂದ್ರಮತಿಗೆ. "ನೀವು ಮನೆಗೆ ಹೋಗಿ, ನಾನು ನೋಡ್ಕೋತೀನಿ."

"ನನ್ನ ಮನೆಯ ಹೆಸರು ಹೇಳಿ ಹಕ್ಕಿಯ ಮೊಟ್ಟೆ ಒಡೆಸಿದಿರಲ್ಲ," ಎಂದಳು ಚಂದ್ರಮತಿ. "ನಿಮ್ಗೆ ನಾಚಿಕೆ ಆಗುದಿಲ್ವಾ?"

ಅವರು ತೃಪ್ತಿಯತ್ತ ತಿರುಗಿದರು. "ಭಾನುವಾರ ಆಫೀಸರಿಗೆ ಕೆರೆ ತೋರಿಸೋದು ನೀನೇ. ಯೋಚನೆ ಮಾಡಿ ಮಾತಾಡು."

ಭಾನುವಾರ ಶಾಮಿಯಾನ ಹಾಕಿದ್ದರು. ಅಷ್ಟರಲ್ಲಿ ಅರ್ಧ ಜೊಂಡು ಹೋಗಿತ್ತು. ಬೋಳಾದ ನೀರಿನ ಮೇಲೆ ಬಿಸಿಲು ಥಳಥಳಿಸುತ್ತಿತ್ತು. ಹೊಸ ಗಿರಾಕಿಗಳು ಬಾಲ್ಕನಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ತೃಪ್ತಿ ಅಧಿಕಾರಿಯನ್ನು ಶಾಮಿಯಾನದ ಕಡೆಗೆ ಕರೆದೊಯ್ಯಲಿಲ್ಲ. "ಮೊದಲು ಇಲ್ಲಿ ಬನ್ನಿ ಸಾರ್," ಎಂದು ಪಂಪಿನ ಕೋಣೆಯ ಹಿಂದಕ್ಕೆ ನಡೆದಳು. ಆತ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಗ್ಗಿ ಪೈಪಿನ ಬಾಯಿ ನೋಡಿದರು. ಬಾಲ್ಕನಿಯಿಂದ ಇಳಿದು ಹಿಂದೆ ಬಂದ ಗಿರಾಕಿಗಳೂ ನೋಡಿದರು. ಮಧ್ವರಾಜರು ಮೊಬೈಲು ಒತ್ತುತ್ತ ಕಾರಿನತ್ತ ಸರಿದರು.

ಪೈಪಿಗೆ ಸಿಮೆಂಟು ಬಿತ್ತು. ಎರಡನೇ ಟವರಿನ ಅನುಮತಿ ನಿಂತಿತು. ಅದರ ಜೊತೆಗೇ ಕೆರೆಗೆ ಬರುತ್ತಿದ್ದ ದುಡ್ಡೂ ನಿಂತಿತು, ತೃಪ್ತಿಯ ಕೆಲಸವೂ ಹೋಯಿತು. ಯಂತ್ರ ಸರಿಯಾಗುವ ತನಕ ಕಟ್ಟಡದ ಕೊಳಚೆಯನ್ನು ಲಾರಿಯೇ ಹೀರಿಕೊಂಡು ಹೋಗಬೇಕು. ಅದು ಬಂದು ನಿಲ್ಲುವುದು ಎಲ್ಲರೂ ಓಡಾಡುವ ಮುಂದಿನ ಗೇಟಿನಲ್ಲಿ. ಲಿಫ್ಟಿನಲ್ಲಿ ಚಂದ್ರಮತಿಯನ್ನು ಕಂಡವರು ಮುಖ ತಿರುಗಿಸುತ್ತಿದ್ದರು. ಹಕ್ಕಿಗೋಸ್ಕರ ನಾವು ಮೂಗು ಮುಚ್ಚಿಕೊಂಡು ಬದುಕಬೇಕಾ ಎಂದು ಒಬ್ಬರು ಅವಳಿಗೆ ಕೇಳುವಂತೆಯೇ ಹೇಳಿದರು.

ಲೆಕ್ಕ ಚುಕ್ತಾ ಮಾಡಿಸಿಕೊಂಡು ತೃಪ್ತಿ ಆಫೀಸಿನಿಂದ ಹೊರಬಂದಾಗ ಸಂಜೆಯಾಗಿತ್ತು. ಲಾರಿ ಗೇಟಿನಲ್ಲಿ ಗುರ್ರೆನ್ನುತ್ತ ನಿಂತಿತ್ತು, ದಪ್ಪ ಪೈಪು ನೆಲದ ಮೇಲೆ ಮಿಡುಕುತ್ತಿತ್ತು. ಅದರಿಂದ ನಾಲ್ಕು ಮಾರು ದೂರದಲ್ಲಿ ಚಂದ್ರಮತಿ ಹೋಟೆಲಿನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇಲ್ಲಿ ಯಾಕೆ ಅಕ್ಕಾ? ವಾಸನೆ."

"ತುಂಬಿಸಿಕೊಂಡು ಪುನಃ ಕೆರೆಗೇ ತಿರುಗಿಸ್ತಾನಾ ಅಂತ ನೋಡ್ಬೇಕಲ್ಲ."

ಅವಳು ಹೋಟೆಲಿನ ಕಡೆ ತಿರುಗಿ ಐತಪ್ಪನಿಗೆ ಸನ್ನೆ ಮಾಡಿದಳು. ಐತಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಇನ್ನೊಂದು ಕುರ್ಚಿ ತಂದು ಹಾಕಿದ. ತೃಪ್ತಿ ಕೂತಳು. ಲಾರಿ ಹಿಂದಕ್ಕೆ ಸರಿಯತೊಡಗಿದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಅದು ಕೆರೆಯ ದಾರಿ ಬಿಟ್ಟು ಹಳೇ ಮಹಾಬಲಿಪುರಂ ರಸ್ತೆಯತ್ತ ಹೊರಳುವವರೆಗೆ ಹಾಗೆಯೇ ನಿಂತಿದ್ದರು.