ಇರುಳು ಕಾಣುವ ದುರ್ಬೀನು

“ಮುಚ್ಚಳ ತೆಗೀಬೇಡಿ ಮಾರಾಯ್ರೆ!”

ಜಲೀಲ್ ಕೌಂಟರಿನ ಆಚೆಯಿಂದಲೇ ಕೈ ಚಾಚಿ ಸುಜಿತನ ಬೆರಳುಗಳನ್ನು ಹಿಡಿದುಕೊಂಡ. ದುರ್ಬೀನಿನ ಬಾಯಿಗೆ ಹಾಕಿದ್ದ ಕಪ್ಪು ರಬ್ಬರಿನ ಮುಚ್ಚಳ ಅರ್ಧ ಸಡಿಲಾಗಿತ್ತು. ಅದನ್ನು ಒತ್ತಿ ಕೂರಿಸಿದ ಮೇಲೆಯೇ ಅವನು ಉಸಿರು ಬಿಟ್ಟದ್ದು.

“ಇದು ಕತ್ತಲೆಯ ಮಾಲು. ಇಷ್ಟು ಬೆಳಕಿಗೆ ಬಾಯಿ ತೆರೆದರೆ ಒಳಗಿನ ಟ್ಯೂಬು ಸುಟ್ಟು ಹೋಗ್ತದೆ. ಆಮೇಲೆ ಮಕ್ಕಳಿಗೆ ಆಡ್ಲಿಕ್ಕೆ ಕೊಡಬಹುದು, ಅಷ್ಟೆ. ನೋಡ್ಬೇಕಾದ್ರೆ ಹಿಂದಿನ ಗೋಡೌನಿಗೆ ಬನ್ನಿ. ಅಲ್ಲಿ ಯಾವಾಗಲೂ ಅಮಾವಾಸ್ಯೆ.”

“ಹೊಸ ಮದುಮಗಳಿಗೂ ಇಷ್ಟು ಉಪಚಾರ ಇಲ್ಲ,” ಎಂದಳು ಸುಜಿತನ ಹೆಂಡತಿ ಭವ್ಯಶ್ರೀ.

ದುಬೈಯ ಅಲ್ ಕುಸೈಸಿನಲ್ಲಿದ್ದ ಮನೆಯಿಂದ ಹೊರಡುವಾಗಲೇ ಅವಳಿಗೆ ಮನಸ್ಸಿರಲಿಲ್ಲ. ದಾರಿಯುದ್ದಕ್ಕೂ ಮೆಟ್ರೋದ ಅರೆಬರೆ ಕಂಬಗಳನ್ನು ನೋಡುತ್ತ ಕುಳಿತಿದ್ದಳು. ಈಗ ಅಂಗಡಿಯ ಒಂದೇ ಒಂದು ಕುರ್ಚಿಯಲ್ಲಿ ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಬಂದ ಕೂಡಲೇ ಏಳುವವಳ ಹಾಗೆ ಕುಳಿತಿದ್ದಳು. ಅವಳ ಹಿಂದೆ ಗಿಡುಗಗಳ ಕಣ್ಣಿಗೆ ಹಾಕುವ ಚರ್ಮದ ಪುಟ್ಟ ಟೋಪಿಗಳು ಸಾಲಾಗಿ ತೂಗುತ್ತಿದ್ದವು. ನೈಫ್ ಪೇಟೆಯ ಈ ಓಣಿಯಲ್ಲಿ ಇಂಥ ನಾಲ್ಕೈದು ಅಂಗಡಿಗಳಿದ್ದವು. ಚಳಿಗಾಲದ ಬೇಟೆಗೆ ಹೊರಡುವ ಅರಬರು ಡೇರೆ, ಮಡಚುವ ಮಂಚ, ದೊಡ್ಡ ಫ್ಲಾಸ್ಕುಗಳನ್ನು ಇಲ್ಲಿಂದ ಒಯ್ಯುತ್ತಿದ್ದರು. ಜಲೀಲ್ ವಿಟ್ಲದವನು. ಜೆಬೆಲ್ ಅಲಿಯ ಗೋದಾಮಿನಲ್ಲಿ ಸುಜಿತನ ಕೈಕೆಳಗಿದ್ದ ಒಬ್ಬ ಅವನ ವಿಳಾಸ ಕೊಟ್ಟಿದ್ದ.

ದುರ್ಬೀನು ಬೇಕೆಂದದ್ದು ಕೊರಗಪ್ಪ ಭಾವ, ಸುಜಿತನ ಅಕ್ಕನ ಗಂಡ. “ಇರುಳು ಕಾಣುವಂಥದ್ದು ದುಬೈಯಲ್ಲಿ ಸಿಗ್ತದಂತಲ್ಲ? ಕೋವಿಗೆ ಕೂರಿಸುವಂಥದ್ದು. ನೀನು ಬರುವಾಗ ಒಂದು ತಾ,” ಎಂದು ಫೋನಿನಲ್ಲಿ ಹೇಳಿದ್ದರು. ಹಂದಿಗಳ ಹಾವಳಿ, ಮರಗೆಣಸು ಒಂದೂ ಉಳಿದಿಲ್ಲ, ಬೆಳೆ ಕಾಯಲೆಂದೇ ಸರ್ಕಾರ ಕೋವಿಗೆ ಲೈಸೆನ್ಸು ಕೊಟ್ಟದ್ದು ಎಂದೆಲ್ಲ ಹೇಳಿದರು. ಚನಿಯನ ಸುದ್ದಿ ಎತ್ತಲಿಲ್ಲ.

ಚನಿಯನೆಂದರೆ ಭಾವನ ಗದ್ದೆಯಲ್ಲಿ ದುಡಿಯುವವನು. ಮರಸು ಕೂರುವ ದಿನ, ಎಂದರೆ ಹಂದಿ ಬರುವ ದಾರಿಗೆ ಅಡಗಿ ಕಾಯುವ ದಿನ, ಅವನೂ ಜೊತೆಗಿರುತ್ತಿದ್ದ. ಕಳೆದ ಮಳೆಗಾಲ ಅವನ ಎಡ ತೊಡೆಗೆ ಪೆಟ್ಟಾಯಿತು. ಬೇಲಿ ಹಾರುವಾಗ ಕಬ್ಬಿಣದ ಗೂಟ ಹೊಕ್ಕಿತೆಂದು ಊರಿಗೆಲ್ಲ ಸುದ್ದಿ. ಅಕ್ಕ ಮಾತ್ರ ಒಂದು ದಿನ ಭವ್ಯಶ್ರೀಯೊಡನೆ ಫೋನಿನಲ್ಲಿ ಅತ್ತುಬಿಟ್ಟಿದ್ದಳು. ಚನಿಯ ಬೀಡಿ ಹಚ್ಚಲೆಂದು ಗಾಳಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದನಂತೆ. ಏನೋ ಕಂಡು ಭಾವನ ಪಕ್ಕದವರು ಯಾರೋ ಪಿಸುಗುಟ್ಟಿದರಂತೆ. ಭಾವ ಗುಂಡು ಹೊಡೆದರಂತೆ. ಅಂದಿನಿಂದ ಕೋವಿ ಅಟ್ಟದ ಮೇಲಿತ್ತು. ಈಗ ಅದು ಕೆಳಗಿಳಿಯಲು ಒಂದು ದುರ್ಬೀನಿಗಾಗಿ ಕಾಯುತ್ತಿತ್ತು.

“ನಿಮ್ಮ ಭಾವನಿಗೆ ಕನ್ನಡಕ ಕೊಡಿಸಿ. ಕೋವಿಗೆ ಯಾಕೆ ಕೊಡಿಸುವುದು?” ಎಂದು ಭವ್ಯಶ್ರೀ ಬೆಳಿಗ್ಗೆಯೂ ಅಂದಿದ್ದಳು. “ನೀವು ತಂದುಕೊಟ್ಟ ವಸ್ತುವಿನಿಂದ ಈ ಸಲ ಯಾರಾದರೂ ಸತ್ತೇ ಹೋದರೆ?”

“ನಾನು ಕೊಡದಿದ್ದರೆ ಟಾರ್ಚು ಹಿಡಿದುಕೊಂಡು ಹೋಗ್ತಾರೆ. ಹಂದಿ ಬರುವುದನ್ನು ನಿಲ್ಲಿಸುವುದಿಲ್ಲ, ಇವರು ಹೋಗುವುದನ್ನೂ ನಿಲ್ಲಿಸುವುದಿಲ್ಲ. ಕಾಣದೆ ಹೊಡೆಯುವುದಕ್ಕಿಂತ ಕಂಡು ಹೊಡೆಯಲಿ.”

ಅವಳು ಪರ್ಸು ತೆಗೆದುಕೊಂಡು ಜೊತೆಗೆ ಹೊರಟಿದ್ದಳು. ಅವಳು ಒಪ್ಪಿದಳೆಂದು ಸುಜಿತನಿಗೆ ಅನ್ನಿಸಿರಲಿಲ್ಲ.

ಗೋಡೌನಿಗೆ ಕಿಟಕಿ ಇರಲಿಲ್ಲ. ಜಲೀಲ್ ಅದೇ ದುರ್ಬೀನನ್ನು ಮರದ ಆಟಿಕೆಯಂಥ ಒಂದು ಕೋವಿಗೆ ತಿರುಪು ಹಾಕಿ ಕೂರಿಸಿದ. ಗಿರಾಕಿಗಳಿಗೆ ತೋರಿಸಲೆಂದೇ ಮಾಡಿಸಿಟ್ಟ ಕೋವಿ ಅದು. ಸುಜಿತ ಅದನ್ನೇ ನೋಡುತ್ತಿದ್ದ, ಸುತ್ತ ಕಣ್ಣು ಹಾಯಿಸಲಿಲ್ಲ. ಬಾಗಿಲು ಹಾಕಿ ದೀಪ ಆರಿಸಿದ. ಭವ್ಯಶ್ರೀಯೂ ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದಳು. ಅವಳ ಬಳೆಯ ಸದ್ದು ಒಮ್ಮೆ ಕೇಳಿಸಿತು.

ಸುಜಿತ ಮರದ ಹಿಡಿಯನ್ನು ಭುಜಕ್ಕೆ ಕೊಟ್ಟು ಕಣ್ಣಿಟ್ಟ. ಪಾಚಿಗಟ್ಟಿದ ಕೆರೆಯೊಳಗೆ ಮುಳುಗಿ ಕಣ್ಣು ಬಿಟ್ಟ ಹಾಗೆ ಎಲ್ಲವೂ ಹಸಿರು. ಬಾಗಿಲಿನ ಅಡಿಯಿಂದ ನುಸುಳುತ್ತಿದ್ದ ಎಳೆಯಷ್ಟು ಬೆಳಕೇ ಅದಕ್ಕೆ ಸಾಕಾಗಿತ್ತು. ರಟ್ಟಿನ ಪೆಟ್ಟಿಗೆಗಳ ಅಂಚು, ಸುತ್ತಿಟ್ಟ ಡೇರೆಗಳು, ಮೂಲೆಯಲ್ಲಿ ರಾಶಿ ಹಾಕಿದ ಚೀಲಗಳು ಒಂದೊಂದಾಗಿ ಎದ್ದು ಬಂದವು.

“ಎಂತೆಲ್ಲ ಕಾಣ್ತದೆ?”

“ಪೆಟ್ಟಿಗೆ, ಚೀಲ... ಚೆನ್ನಾಗುಂಟು.”

“ಚೀಲ ಎಷ್ಟುಂಟು ಅಂತ ಹೇಳಬಹುದಾ?” ಜಲೀಲನ ದನಿಯಲ್ಲಿ ಸಣ್ಣ ನಗೆಯಿತ್ತು. “ಇರಲಿ. ಈಗ ಇನ್ನೊಂದು ನೋಡಿ. ಇದು ನಿಮಗೆ ಮಾರ್ಲಿಕ್ಕಲ್ಲ, ಅಬುಧಾಬಿಯ ಒಬ್ಬ ಅರ್ಬಾಬು, ದೊಡ್ಡ ಧಣಿ, ತರಿಸಿದ್ದು, ಇನ್ನೂ ಒಯ್ಯಲಿಲ್ಲ. ಇದರ ರೇಟಿಗೆ ಒಂದು ಕಾರು ಬರ್ತದೆ. ಆದ್ರೂ ನೋಡಿ. ಇದಕ್ಕೆ ಬೆಳಕು ಬೇಡ, ಮೈಯ ಬಿಸಿ ಸಾಕು.”

ಕತ್ತಲೆಯಲ್ಲೇ ಅವನು ಒಂದನ್ನು ಬಿಚ್ಚಿ ಇನ್ನೊಂದನ್ನು ಕೂರಿಸಿದ. ಕೈ ಪಳಗಿತ್ತು. ಸುಜಿತ ಮತ್ತೆ ಭುಜಕ್ಕೇರಿಸಿದ. ಈ ಸಲ ಪೆಟ್ಟಿಗೆಗಳಿಲ್ಲ, ಡೇರೆಗಳಿಲ್ಲ. ಎಲ್ಲವೂ ಬೂದುಗಪ್ಪು. ಕೋವಿಯನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದ. ಚೀಲಗಳಿದ್ದ ಮೂಲೆಯಲ್ಲಿ, ನೆಲಕ್ಕೆ ಅಂಟಿದಂತೆ, ಬೆಳ್ಳಗೆ ಹೊಳೆಯುವ ಒಂದು ಮುದ್ದೆ. ಬಾಗಿದ ಬೆನ್ನು. ಮುಂದಕ್ಕೆ ಚಾಚಿದ ತಲೆ. ಅದು ಅಲುಗಿತು.

“ಉಂಡು,” ಎಂದ ಸುಜಿತ.

ತುಳುವಿನ ಮಾತು, ಇದೆ ಎಂದಷ್ಟೇ ಅರ್ಥ. ಪಿಸುದನಿಯಲ್ಲಿ, ತುಟಿ ಕೂಡ ಅಲುಗದ ಹಾಗೆ ಬಂದಿತ್ತು. ಹದಿನೆಂಟರ ವಯಸ್ಸಿನಲ್ಲಿ ಭಾವನ ಪಕ್ಕ ಟಾರ್ಚು ಹಿಡಿದು ಕೂರುತ್ತಿದ್ದಾಗ ಅವನ ಕೆಲಸವೇ ಅದಾಗಿತ್ತು. ಮರಸಿನಲ್ಲಿ ಮೃಗದ ಹೆಸರು ಹೇಳಬಾರದು. ಹೇಳಿದರೆ ಅದಕ್ಕೆ ಕೇಳಿಸುತ್ತದೆ, ಹಿಂದೆ ತಿರುಗುತ್ತದೆ ಎಂದು ಹಿರಿಯರ ನಂಬಿಕೆ. ಉಂಡು ಎಂದರೆ ಸಾಕು, ಪಕ್ಕದಲ್ಲಿ ಕೋವಿ ಏಳುತ್ತಿತ್ತು.

“ಎಂತ ಉಂಟು?” ಎಂದು ಜಲೀಲ್ ಕೇಳಿದ.

ಸುಜಿತ ಬಾಯಿ ತೆರೆದ. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ಯಾರೂ ಹಾಗೆ ಎದುರು ಪ್ರಶ್ನೆ ಹಾಕಿದ್ದಿಲ್ಲ. ಬೆಳ್ಳಗಿನ ಮುದ್ದೆ ಮತ್ತೊಮ್ಮೆ ಅಲುಗಿತು. ನಾಯಿಯೇ? ಬಿಸಿಯಾದ ಯಾವುದೋ ಯಂತ್ರವೇ? ತನ್ನ ತೋರುಬೆರಳು ಮರದ ಕೋವಿಯ ಟ್ರಿಗರಿನ ಮೇಲೆ ತಾನಾಗಿ ಹೋಗಿ ಕುಳಿತಿದ್ದು ಆಗ ಗೊತ್ತಾಯಿತು.

ದೀಪ ಹತ್ತಿತು. ಚೀಲಗಳ ನಡುವೆ ಬಿಳಿಗಡ್ಡದ ಒಬ್ಬ ಮುದುಕ ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆಯೊಂದಕ್ಕೆ ಹಗ್ಗ ಬಿಗಿಯುತ್ತಿದ್ದ. ಕೋವಿಯ ಬಾಯಿ ನೇರ ಅವನ ಬೆನ್ನಿಗಿತ್ತು.

“ನಮ್ಮ ಅಹ್ಮದ್ ಕುಂಞಿ ಕಾಕ,” ಎಂದ ಜಲೀಲ್. “ಗೋಡೌನು ನೋಡಿಕೊಳ್ಳುವವರು ಇವರೇ. ಹಸಿರಿನದ್ದರಲ್ಲಿ ನಿಮಗೆ ಇವರೂ ಒಂದು ಚೀಲ!”

“ಹೊಡೆದಾಯ್ತಾ?” ಮುದುಕ ತಿರುಗದೆಯೇ ಕೇಳಿದ. “ಹೊಸ ಮಾಲು ಬಂದ ವಾರ ನಾನು ದಿನಾ ಸಾಯುವುದು ಮಾರಾಯ್ರೆ. ಆದ್ರೆ ಸಂಬಳ ಏರಿಸಿ ಅಂದ್ರೆ ಮಾಫಿ, ಇಲ್ಲವೇ ಇಲ್ಲ.”

ಜಲೀಲ್ ನಕ್ಕ. ಭವ್ಯಶ್ರೀ ನಗಲಿಲ್ಲ. ಸುಜಿತ ಕೋವಿಯನ್ನು ಇಳಿಸಿ, ಅದರ ಬಾಯನ್ನು ನೆಲಕ್ಕೆ ಮಾಡಿ, ಎಲ್ಲಿಡಬೇಕೆಂದು ತಿಳಿಯದವನಂತೆ ಹಿಡಿದುಕೊಂಡೇ ನಿಂತ.

“ಇದರಲ್ಲಿ ನೋಡಬೇಕಾದ್ರೆ ಕೋವಿ ಎತ್ತಲೇಬೇಕಲ್ಲ,” ಎಂದ.

“ಮತ್ತೆ? ಕೋವಿಯ ಮೇಲೆಯೇ ಇರುವುದಲ್ವಾ?”

“ಹಾಗಲ್ಲ. ಯಾರು ಅಂತ ನೋಡ್ಲಿಕ್ಕೆ ಕೂಡ ಮೊದಲು ಅವರಿಗೆ ಗುರಿ ಹಿಡಿಯಬೇಕು.”

ಜಲೀಲ್ ತಲೆ ಕೆರೆದುಕೊಂಡ. ಈ ದೂರು ಅವನಿಗೆ ಹೊಸದು. ಸಾಮಾನ್ಯವಾಗಿ ದೂರ ಸಾಲದು, ಭಾರ ಹೆಚ್ಚು ಎನ್ನುತ್ತಿದ್ದರು. ಹೊರಗೆ ಬಂದು ಕೌಂಟರಿನ ಕೆಳಗೆ ಹುಡುಕಿ, ಧೂಳು ಹಿಡಿದ ಒಂದು ಪೆಟ್ಟಿಗೆ ತೆಗೆದ. ಒಳಗೆ ಅಂಗೈ ಅಗಲದ, ಒಂದೇ ಕಣ್ಣಿನ, ಗಿಡ್ಡ ದುರ್ಬೀನು. ಕೋವಿಗೆ ಕೂರಿಸಲು ಅದಕ್ಕೆ ಯಾವ ಹಿಡಿಕೆಯೂ ಇರಲಿಲ್ಲ.

“ಇದುಂಟು. ಹಸಿರಿನದ್ದೇ, ಕೈಯಲ್ಲಿ ಹಿಡಿಯುವಂಥದ್ದು. ಇದಕ್ಕೊಂದು ಸಣ್ಣ ದೀಪ ಉಂಟು, ನಮ್ಮ ಬರಿಗಣ್ಣಿಗೆ ಕಾಣುವುದಿಲ್ಲ. ಅದನ್ನು ಹಾಕಿದ್ರೆ ಹತ್ತಿರದವರ ಮುಖ ಗೊತ್ತಾಗ್ತದೆ. ಬೇಟೆಯವರು ಇದನ್ನು ಮುಟ್ಟುವುದಿಲ್ಲ.”

ಸುಜಿತ ಅದನ್ನು ಹಿಡಿದು ಮತ್ತೆ ಗೋಡೌನಿನ ಕತ್ತಲೆಗೆ ಹೋಗಿ ನೋಡಿ ಬಂದ. ಅಹ್ಮದ್ ಕುಂಞಿಯ ಗಡ್ಡ, ಬಾಯಲ್ಲಿ ಕಚ್ಚಿದ್ದ ಹಗ್ಗದ ತುದಿ, ಎಲ್ಲ ಹಸಿರಾಗಿ ಕಂಡಿದ್ದವು.

ಕುರ್ಚಿಗೆ ಮರಳಿದ್ದ ಭವ್ಯಶ್ರೀ ಮೊದಲ ಬಾರಿಗೆ ಮುಂದೆ ಬಾಗಿದಳು. “ಭಾವನ ಎರಡೂ ಕೈ ಕೋವಿಯಲ್ಲಿರ್ತದೆ. ಇದನ್ನು ಹಿಡಿಯುವುದು ಯಾರು?”

ಸುಜಿತ ಅವಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಯಾರೂ ಹೆಸರು ಹೇಳಲಿಲ್ಲ. ಅವನು ಮೊಬೈಲು ತೆಗೆದುಕೊಂಡು ಓಣಿಗೆ ಇಳಿದ.

ಊರಿನಲ್ಲಿ ಆಗ ಹೊತ್ತು ಮುಳುಗುವ ಸಮಯ. ಫೋನು ಎತ್ತಿದ್ದು ಭಾವನೇ.

“ಸಿಕ್ಕಿತಾ?”

“ಸಿಕ್ಕಿತು ಭಾವ.”

“ನಮ್ಮದು ಹಳೆ ತೋಟಾ ಕೋವಿ. ಸರಿ ಕೂರ್ತದಾ ಅಂತ ಕೇಳಿದ್ಯಾ?”

“ಕೋವಿಗೆ ಕೂರುವುದಿಲ್ಲ ಇದು. ಕೈಯಲ್ಲಿ ಹಿಡಿಯುವಂಥದ್ದು.”

“ಕೈಯಲ್ಲಾ? ನಾನು ಕೋವಿ ಹಿಡಿಯುವುದಾ, ಇದನ್ನು ಹಿಡಿಯುವುದಾ? ನನಗೆಂತ ನಾಲ್ಕು ಕೈ ಉಂಟಾ ಮಾರಾಯ?”

“ನೀವು ಹಿಡಿಯುವುದು ಬೇಡ. ಚನಿಯ ಹಿಡಿಯಲಿ. ಅವನು ನೋಡಿ, ಎಂತ ಉಂಟು ಅಂತ ಬಾಯಿ ಬಿಟ್ಟು ಹೆಸರು ಹೇಳಲಿ. ಆಮೇಲೆ ನೀವು ಕೋವಿ ಎತ್ತಿ.”

ಆ ಕಡೆ ದೂರದಲ್ಲಿ ಎಲ್ಲೋ ನವಿಲು ಕೂಗಿದ್ದು ಕೇಳಿಸಿತು. ಅಕ್ಕ ಹೇಳಿದಳಾ ಎಂದು ಭಾವ ಕೇಳಬಹುದೆಂದು ಸುಜಿತ ಕಾದ. ಭಾವ ಅದನ್ನು ಕೇಳಲಿಲ್ಲ.

“ಹೆಸರು ಹೇಳಿದ್ರೆ ಹಂದಿ ನಿಲ್ತದಾ?”

“ನಿಲ್ಲದಿದ್ದರೆ ಹೋಗಲಿ.”

ಭಾವನ ದನಿ ಈಗ ತಗ್ಗಿತ್ತು. “ಅವನು ಇನ್ನು ನನ್ನೊಟ್ಟಿಗೆ ಮರಸು ಕೂರ್ಲಿಕ್ಕೆ ಬರ್ತಾನೆ ಅಂತ ನಿನಗೆ ಯಾರು ಹೇಳಿದ್ದು?”

“ನೀವು ಕೇಳಿದ್ದೀರಾ?”

“ಇಲ್ಲ.”

“ಈಗ ಎಲ್ಲಿದ್ದಾನೆ?”

“ಹಟ್ಟಿಗೆ ಹುಲ್ಲು ಹಾಕಿ ಅಂಗಳದಲ್ಲಿ ಕೂತಿದ್ದಾನೆ.”

“ಅವನಿಗೆ ಫೋನ್ ಕೊಡಿ ಭಾವ. ನಾನು ಕೇಳ್ತೇನೆ. ಅವನು ಬರುವುದಿಲ್ಲ ಅಂದ್ರೆ ನಾನು ಇದನ್ನು ತರುವುದಿಲ್ಲ. ಬೇರೆ ಎಂತದ್ದೂ ತರುವುದಿಲ್ಲ.”

ರಿಸೀವರನ್ನು ಮರದ ಮೇಲೆ ಇಟ್ಟ ಸದ್ದಾಯಿತು. ಭಾವನ ಹೆಜ್ಜೆಗಳು ದೂರ ಹೋದವು. “ಚನಿಯಾ,” ಎಂದು ಕರೆದದ್ದು ಕೇಳಿಸಿತು. ಆಮೇಲೆ ಅಂಗಳದ ಮಣ್ಣಿನಲ್ಲಿ ಒಂದು ಹೆಜ್ಜೆ, ಅದರ ಹಿಂದೆ ಒಂದು ಎಳೆತ. ಮತ್ತೆ ಒಂದು ಹೆಜ್ಜೆ, ಒಂದು ಎಳೆತ. ಮೆಟ್ಟಿಲ ಬುಡಕ್ಕೆ ಬಂದು ಸದ್ದು ನಿಂತಿತು.

ಫೋನು ಇದ್ದದ್ದು ಚಾವಡಿಯ ಒಳಗೋಡೆಯ ಹಲಗೆಯ ಮೇಲೆ. ಅದರ ವೈರು ಜಗಲಿಯವರೆಗೂ ಬರುತ್ತಿರಲಿಲ್ಲ. ಚನಿಯ ಆ ಮನೆಯೊಳಗೆ ಕಾಲಿಟ್ಟದ್ದನ್ನು ಸುಜಿತ ಎಂದೂ ಕಂಡಿರಲಿಲ್ಲ.

ಸುಜಿತ ಮೊಬೈಲನ್ನು ಕಿವಿಗೆ ಒತ್ತಿಕೊಂಡ. ಓಣಿಯಲ್ಲಿ ಒಬ್ಬ ತಳ್ಳುಗಾಡಿಯವನು ದಾರಿ ಬಿಡಿ ಎಂದು ಕೂಗುತ್ತ ಹೋದ. ಅವನು ಗೋಡೆಗೆ ಸರಿದು ನಿಂತ. ಊರಿನಲ್ಲಿ ಮೆಟ್ಟಿಲ ಬುಡದಿಂದ ಯಾವ ಹೆಜ್ಜೆಯೂ ಮೇಲೆ ಬರಲಿಲ್ಲ.

“ಉಲಾಯಿ ಬಲ,” ಒಳಗೆ ಬಾ, ಎಂದರು ಭಾವ. ಇನ್ನೊಮ್ಮೆ ಎಂದರು.

ನುಣುಪು ನೆಲದ ಮೇಲೆ ಬರಿಗಾಲು ಒಂದು ಊರಿತು. ಇನ್ನೊಂದು, ನಿಧಾನವಾಗಿ, ಅದರ ಹಿಂದೆ ಎಳೆದುಕೊಂಡು ಬಂತು.