ಮನೆಯ ಸಾರಿನ ಮೀನು

2024ರ ಆಗಸ್ಟ್ 21, ಬೆಳಿಗ್ಗೆ ಆರೂ ಇಪ್ಪತ್ತು. ಕಂಪ್ಲಿಯ ಹೊರಗೆ, ತಮ್ಮ ಮೀನುಹೊಂಡದ ಏರಿಯ ಮೇಲೆ ಕುಳಿತು ರೇಣುಕಾದೇವಿ ಸತ್ತ ರೋಹುವೊಂದರ ಹೊಟ್ಟೆ ಸೀಳಿದಳು. ಕೆಂಪಗಿರಬೇಕಾದ ಯಕೃತ್ತು ಹಳದಿಗೆ ತಿರುಗಿ, ಮುಟ್ಟಿದರೆ ಕಲಸಿಹೋಗುವಂತಿತ್ತು. ವಾರದಿಂದ ಮೀನು ಹೀಗೇ ಸಾಯುತ್ತಿದ್ದವು. ಹೊಂಡದ ನಡುವೆ ಬಿದಿರಿನ ಕೋಲುಗಳಿಗೆ ಮೇವಿನ ತೌಡು ತುಂಬಿದ ತೂತಿನ ಚೀಲಗಳನ್ನು ಕಟ್ಟಿದ್ದರು. ಒಂದು ಮೀನೂ ಅವಕ್ಕೆ ಬಾಯಿ ಹಾಕುತ್ತಿರಲಿಲ್ಲ.

ಹೊಸ ಮೂಟೆ ಬಿಚ್ಚಿದಳು. ತೌಡು ಹಸಿರು ಬೂಷ್ಟು ಹಿಡಿದು ಹೆಂಟೆಗಟ್ಟಿತ್ತು. ಹುಳಿ ನಾತ ಮೂಗಿಗೆ ಬಡಿಯಿತು.

“ಪುಡಿ ಹಾಕಿಬಿಡೋಣ,” ಎಂದ ಗಂಡ ಹುಲುಗೇಶ್. ಪುಡಿಯೆಂದರೆ ಕೋಳಿಫಾರಮ್ಮುಗಳಿಗೆ ಮಾರುವ ಆಂಟಿಬಯೋಟಿಕ್. “ಸಂಜಿಗೆ ಮೀನು ಒಯ್ಯಾಕ ಹೊಸಪೇಟಿ ಗಾಡಿ ಬರ್ತದ. ಅಲ್ಲೀತನ ಸತ್ತು ತೇಲಲಿಲ್ಲಂದ್ರ ಸಾಕು.”

“ಬೂಷ್ಟಿನ ವಿಷಕ್ಕ ಆ ಪುಡಿ ಏನ್ ಮಾಡ್ತದ? ಮೀನುಸಾಕಣಿ ತರಬೇತ್ಯಾಗ ನಿದ್ದಿ ಹೊಡದ್ಯೇನು?”

ಮೂಟೆಯನ್ನು ಸ್ಕೂಟಿಯ ಮೇಲೆ ಹೇರಿಕೊಂಡು ಅವಳು ನೆಟ್ಟಗೆ ತೌಡು ಕೊಟ್ಟ ಅಕ್ಕಿ ಗಿರಣಿಗೆ ಹೋದಳು. ಗಿರಣಿ ಮಾಲೀಕ ಶಂಭುಲಿಂಗ ಚಹಾ ಕುಡಿಯುತ್ತಿದ್ದ.

“ಸಾವ್ಕಾರ್ರ, ಇದರಾಗ ಕೈ ಹಾಕಿ ನೋಡ್ರಿ.”

ಆತ ಕೈ ಹಾಕಲಿಲ್ಲ. “ಮಳಿಗೆ ತೋಯ್ದದವ್ವ. ನೀವು ನೀರಾಗ ಹಾಕೋದು ತಾನ? ತೋಯ್ದಿದ್ರೇನಾತು?”

“ನಿಮ್ಮ ಎಮ್ಮಿಗೆ ಹಾಕ್ತೀರೇನ್ರಿ?”

“ಎಮ್ಮಿ ಹಾಲು ನಮ್ಮನ್ಯಾಗ ಕುಡೀತಾರ.”

ಮೂಟೆ ಹೊರುತ್ತಿದ್ದ ಹಮಾಲ ಎರ್ರಿಯಪ್ಪ ಕಿಸಕ್ಕನೆ ನಕ್ಕ. ರೇಣುಕಾದೇವಿಗೆ ಮೈಯೆಲ್ಲ ಉರಿದುಹೋಯಿತು.

“ನಗು, ಎರ್ರಿಯಪ್ಪ, ನಗು! ವಾರಕ್ಕೊಮ್ಮಿ ನಮ್ಮ ಮೀನು ಒಯ್ಯಾಂವ ನೀನೇ. ಸಾವ್ಕಾರ್ರ, ನಿಮ್ಮನ್ಯಾಗ ಮೀನು ತಿನ್ನಂಗಿಲ್ಲ ಅಂತ ತಿನ್ನೋರೆಲ್ಲ ವಿಷ ತಿನಬೇಕೇನು?”

ಎರ್ರಿಯಪ್ಪನ ನಗು ಅಲ್ಲೇ ನಿಂತಿತು. ಶಂಭುಲಿಂಗ ಲೋಟ ಕುಕ್ಕಿದ.

“ಒಣ ತೌಡೆಲ್ಲ ಎಣ್ಣಿ ಫ್ಯಾಕ್ಟರಿಗೆ ಹೋಗ್ತದ. ಉಳದದ್ದು ನಿಮಗ. ಇಷ್ಟು ವರ್ಷ ಒಬ್ಬರೂ ಬಾಯಿ ಬಿಡಲಿಲ್ಲ. ಮನಿ ಸಾರಿಗೆ ಹಿತ್ತಲ ಗುಂಡ್ಯಾಗ ಬ್ಯಾರೆ ಮೀನು ಬಿಟ್ಟೀವಿ, ಅವಕ್ಕ ಪುಡಿ ಹಾಕಂಗಿಲ್ಲ ಅಂತ ನಿನ್ನ ಗಂಡನೇ ಇಲ್ಲಿ ಕುಂತು ಜಂಬ ಕೊಚ್ಚಿಕೊಂಡಾನ. ನನಗ ಹೇಳಾಕ ಬಂದಿ. ಪ್ಯಾಟಿ ಮಂದಿ ನಿನಗೇನಾಗಬೇಕು?”

ಆ ಗುಂಡಿ ತೋಡಿಸಿದ್ದು ಅವಳೇ. ಮೂಟೆಗಳಲ್ಲಿ ಕೆಡದೆ ಉಳಿದ ಒಣ ತೌಡಿಗೆ ಬಿಸಿಲಲ್ಲಿ ಆರಿಸಿದ ಶೇಂಗಾ ಹಿಂಡಿ ಬೆರೆಸಿ ಹಾಕುತ್ತಿದ್ದವಳೂ ಅವಳೇ. ಅಲ್ಲಿ ಒಂದು ಮೀನೂ ಸತ್ತಿರಲಿಲ್ಲ. ಮೀನು ಗಟ್ಟಿಮುಟ್ಟಾಗಿರಲು ಏನು ತಿನ್ನಿಸಬೇಕೆಂದು ತರಬೇತಿಯಲ್ಲಿ ಕಲಿತದ್ದನ್ನು ತನ್ನ ಒಲೆಯ ಮಟ್ಟಿಗೆ ಮಾತ್ರ ಇಟ್ಟುಕೊಂಡಿದ್ದಳು. ಸಿಟ್ಟು ಇಳಿಯಲಿಲ್ಲ, ಅದರಲ್ಲಿ ಅರ್ಧ ತನಗೇ ಸೇರಬೇಕಾದದ್ದೆಂದು ಗೊತ್ತಾಗಿ ಇನ್ನಷ್ಟು ಕುದಿಯಿತು.

ಮೂಟೆಯನ್ನು ಆತನ ಕಾಲ ಬುಡದಲ್ಲೇ ಸುರಿದಳು.

“ನನ್ನ ತಪ್ಪು ನಾ ನೋಡ್ಕೋತೀನ್ರಿ. ನೀವು ಒಣ ತೌಡು ಕೊಡ್ತೀರೋ, ಇಂಥದೇ ಇನ್ನೊಂದು ಮೂಟೆ ಒಯ್ದು ಸಂತ್ಯಾಗ ಬಿಚ್ಚಲೋ?”

ಶಂಭುಲಿಂಗ ಹಸಿರು ಹೆಂಟೆಗಳನ್ನು ನೋಡಿದ. ಎರ್ರಿಯಪ್ಪ ಹೊತ್ತಿದ್ದ ಮೂಟೆ ಇಳಿಸಿ, ಮಾಲೀಕನನ್ನೇ ನೋಡುತ್ತ ನಿಂತಿದ್ದ.

“ನಾಳೆ ಬಾ,” ಎಂದ ಮಾಲೀಕ ಕೊನೆಗೆ. “ಹರವಿ ಆರಿಸಿ ಇಟ್ಟಿರ್ತೀನಿ.”

ಸಂಜೆ ಬಂದ ಗಾಡಿಯನ್ನು ಅವಳು ಖಾಲಿ ಕಳಿಸಿದಳು.

“ತಲಿ ಕೆಟ್ಟದೇನಲೇ ನಿನಗ?” ಎಂದು ಹುಲುಗೇಶ್ ಕೂಗಾಡಿದ.

“ಕೆಟ್ಟಿತ್ತು. ಹಿತ್ತಲ ಗುಂಡಿಗೆ ಬಲೆ ಹಾಕು, ಬಾ.”

ದೊಡ್ಡ ಹೊಂಡದ ಕೆಟ್ಟ ತೌಡಿನ ಚೀಲಗಳನ್ನು ಬಿಚ್ಚಿಸಿ, ಗುಂಡಿಯ ಮೀನನ್ನೆಲ್ಲ ಕೊಡದಲ್ಲಿ ತುಂಬಿ ತಂದು ಅದಕ್ಕೆ ಬಿಟ್ಟಳು. ಮರುದಿನ ಗುಂಡಿಗೆ ಮಣ್ಣು ಎಳೆಸಿದಳು. ಅಂದಿನಿಂದ ದೊಡ್ಡ ಹೊಂಡದ ಚೀಲಗಳಿಗೂ ಒಣ ತೌಡು, ಒಣ ಹಿಂಡಿ; ಪುಡಿಯ ಡಬ್ಬಿ ಮನೆಯೊಳಕ್ಕೆ ಬರಲಿಲ್ಲ.

ಜನವರಿಯಲ್ಲಿ ಮಾರಾಟದ ಬಲೆ ಎಳೆದ ದಿನ, ಗಾಡಿಗೆ ತುಂಬುವ ಮೊದಲು ಅದೇ ರಾಶಿಯಿಂದ ಮನೆಯ ಸಾರಿಗೆಂದು ಒಂದು ರೋಹು ಎತ್ತಿ ತಕ್ಕಡಿಗೆ ಹಾಕಿದಳು. ಒಂದು ಕಿಲೋ ನೂರೆಂಬತ್ತು ಗ್ರಾಂ.