ಕಂಬದ ಕೆಳಗಿನ ಬೆಂಚು

ಪ್ಲಾಸ್ಟಿಕ್ ಸುತ್ತಿದ ಹಾಸಿಗೆ, ಕೂತರೆ ಚರಪರ, ಅಲುಗಿದರೆ ಚರಪರ, ಇನ್ನೂ ಯಾರೂ ಮಲಗದ ಮಂಚ, ಅದೂ ಎಲ್ಲಿ, ಗಂಟುಮೂಟೆ ಇಟ್ಟುಕೊಂಡು ಜನ ಆಕಳಿಸುತ್ತಿದ್ದ ವೇಟಿಂಗ್ ರೂಮಿನಲ್ಲಿ — ಕೂತು ನೋಡಿ ಅಮ್ಮ, ಕೂತು ನೋಡೋಕೆ ದುಡ್ಡಿಲ್ಲ ಎಂದ ಅಂಗಡಿಯವ, ಇವಳು ಅರ್ಧ ಆಯಸ್ಸು ಇಲ್ಲೇ ಕೂತು ಕಳೆದವಳೆಂದು ಅವನಿಗೇನು ಗೊತ್ತು. ಹಳಿಯನ್ನು ಊರಾಚೆ ತಿರುಗಿಸಿದ ಮೇಲೆ ಸ್ಟೇಷನ್ನಿಗೆ ಬೀಗ ಬಿತ್ತು, ಆಮೇಲೆ ಗೊಬ್ಬರದ ಗೋದಾಮು, ಮತ್ತೆ ಬೀಗ, ಈಗ ಫರ್ನಿಚರ್ ಅಂಗಡಿ. ಟಿಕೆಟ್ ಕಿಂಡಿಯಲ್ಲಿ ಬಿಲ್ಲು ಹರಿಯುತ್ತಾರೆ, ಪ್ಲಾಟ್‌ಫಾರಂಗೆ ಗಾಜು ಹಾಕಿ ಸೋಫಾ ಇಟ್ಟಿದ್ದಾರೆ, ಇವಳು ಮೈಕಿನ ಮುಂದೆ ಕೂತು ಯಾವ ರೈಲು ಬಂತು ಯಾವುದು ಹೊರಟಿತು ಎಂದು ಹೇಳುತ್ತಿದ್ದ ಕೋಣೆಯ ತುಂಬ ನಿಲುವುಗನ್ನಡಿ, ಇಣುಕಿದರೆ ಹತ್ತು ಮುದುಕಿಯರು ಒಟ್ಟಿಗೆ ಇಣುಕುತ್ತಾರೆ, ಬೇಡಪ್ಪ. ಮಗಳು ಏನೋ ಹೇಳುತ್ತಿದ್ದಾಳೆ, ತುಟಿ ಆಡುತ್ತಿದೆ, ಮರದ್ದೋ ಕಬ್ಬಿಣದ್ದೋ ಎಂದಿರಬೇಕು, ಹೂಂ ಎಂದುಬಿಡುವುದೇ ವಾಸಿ, ಈಚೆಗೆ ಎಲ್ಲದಕ್ಕೂ ಹೂಂ — ಅಮ್ಮ, ಎಷ್ಟ್ ಸಲ ಹೇಳ್ಲಿ, ಹೋಗ್ಲಿ ಬಿಡು. ಬಿಡು. ಇವಳೂ ತನ್ನ ಅಪ್ಪನಿಗೆ ಅದನ್ನೇ ಅನ್ನುತ್ತಿದ್ದಳಲ್ಲ. ತಗಡು ಬಡಿದು ಬಡಿದು ಅಪ್ಪನ ಕಿವಿ ಹೋಗಿತ್ತು, ಊರಿನ ಟ್ರಂಕೆಲ್ಲ ಅವನು ಬಡಿದದ್ದೇ, ಊಟಕ್ಕೆ ಬಾ ಅಂದರೆ ಏನು ಅನ್ನುತ್ತಿದ್ದ, ಮತ್ತೆ ಅಂದರೆ ಮತ್ತೆ ಏನು, ಹೋಗ್ಲಿ ಬಿಡಪ್ಪ, ದಿನವೆಲ್ಲ ಗಂಟಲು ಹರಿದುಕೊಂಡು ಬಂದವಳಿಗೆ ಮನೆಯಲ್ಲೂ ಕಿರುಚುವ ಕರ್ಮ ಯಾಕೆ, ತಟ್ಟೆ ಮುಂದಿಟ್ಟರೆ ಆಯಿತು.

ಆಮೇಲೆ ಸಂಜೆಯಾದರೆ ಅಪ್ಪ ಇಲ್ಲಿಗೆ ಬರತೊಡಗಿದ, ಹೋಗುವ ಊರಿಲ್ಲ, ಇಳಿಯುವ ನೆಂಟರಿಲ್ಲ, ಕಂಬದ ಕೆಳಗಿನ ಬೆಂಚಿನಲ್ಲಿ ಮುಖ ಮೇಲೆತ್ತಿ, ಬಾಯಿ ಚೂರು ತೆರೆದು ಕೂತೇ ಇರುತ್ತಾನೆ — ನಿಮ್ಮಪ್ಪ ಪಾರಿವಾಳ ಎಣಿಸ್ತಾರೇನಮ್ಮ ಎಂದರು ಸ್ಟೇಷನ್ ಮಾಸ್ತರರು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಮೈಯೆಲ್ಲ ಉರಿಯಿತು. ದುಡಿಯುವ ಮಗಳನ್ನು ಕಾವಲು ಕಾಯುತ್ತಿದ್ದಾನೆ, ಇನ್ನೇನು. ಎದುರಿಗೆ ಹೋಗಿ ನಿಂತು, ಕೂಲಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಅಪ್ಪಾ, ಇನ್ಮೇಲೆ ಇಲ್ಲಿಗೆ ಬರಬೇಡ, ನಂಗೆ ತಲೆ ಎತ್ತೋಕಾಗ್ತಿಲ್ಲ. ಅವತ್ತು ಅವನು ಏನು ಎಂದು ಕೇಳಲಿಲ್ಲ. ಅವನಿಗೆ ಕೇಳಿಸಲಿ ಎಂದು ಇವಳು ಬಾಯಿಬಿಟ್ಟು ಹೇಳಿದ ಮಾತು ಅದೊಂದೇ. ಆಯ್ತಮ್ಮ ಎಂದು ಎದ್ದ, ಪಂಚೆ ಕೊಡವಿಕೊಂಡ, ಮತ್ತೆ ಬರಲಿಲ್ಲ, ಮನೆಯಲ್ಲಿ ಗೋಡೆ ನೋಡಿಕೊಂಡೇ ಇದ್ದು ಒಂದು ದಿನ ಹೋಗಿಬಿಟ್ಟ — ಗ್ರಾಹಕರ ಗಮನಕ್ಕೆ, ಮರದ ಮಂಚಗಳ ಮೇಲೆ ಇಂದು ವಿಶೇಷ ರಿಯಾಯಿತಿ — ಅಬ್ಬ, ಅಂಗಡಿಯ ಧ್ವನಿವರ್ಧಕ, ಎಷ್ಟು ಚೆನ್ನಾಗಿ ಕೇಳಿಸಿತು, ಅಕ್ಷರ ಅಕ್ಷರವೂ, ಯಾರ ಮನೆಯ ಹುಡುಗಿಯೋ, ಶೀತವಾಗಿದೆ ಅವಳಿಗೆ, ಗೊತ್ತಾಗುತ್ತದೆ — ಅಮ್ಮ, ಬಾಯಿ ತೆರ್ಕೊಂಡು ಮೇಲೇನ್ ನೋಡ್ತಿದ್ದೀಯ — ಏನೂ ಇಲ್ಲ ಕಣೇ, ಏನೂ — ಒಂದು ರಾತ್ರಿ ಅಪ್ಪ ಬಿಸಿನೀರು ತಂದಿಟ್ಟಿದ್ದ, ಗಂಟಲು ಕಟ್ಟಿದೆಯಲ್ಲಮ್ಮ ಎಂದಿದ್ದ, ಈ ಕಿವುಡನಿಗೆ ಯಾರು ಹೇಳಿದರು ಎಂದು ಇವಳು ಅಚ್ಚರಿಪಟ್ಟು ಮಲಗಿಬಿಟ್ಟಿದ್ದಳು — ಕಾವಲಾಗಿದ್ದರೆ ಕೋಣೆಯ ಬಾಗಿಲು ಕಾಣುವ ಕಡೆ ಕೂರುತ್ತಿದ್ದನಲ್ಲ, ಆ ಬೆಂಚಿನಿಂದ ಬಾಗಿಲೇ ಕಾಣದು, ಕಂಬ ಮಾತ್ರ, ಕಂಬದ ತುದಿಯಲ್ಲಿ ಧ್ವನಿವರ್ಧಕ, ಮನೆಯಲ್ಲಿ ಕೇಳಿಸದ ಮಗಳು ಅಲ್ಲಿ ಕೇಳಿಸುತ್ತಿದ್ದಳು ಅವನಿಗೆ, ಅಲ್ಲಿ ಮಾತ್ರ, ಅದಕ್ಕೇ ಆ ಮುಖ, ಮೇಲೆತ್ತಿದ ಮುಖ, ಚೂರು ತೆರೆದ ಬಾಯಿ, ಮೇಲೆತ್ತಿದ ಮುಖ —